ನಾಟಕದ ತವರಿನಲ್ಲಿ ಬಾಡಿಗೆ ಮನೆ

“ನಾಟಕದೋರ್ಗೆ ನಾವು ಮನೆ ಕೊಡಲ್ಲ ಕಣವ್ವ.”

ಗುಬ್ಬಿಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ನಾಟಕದ ತವರು ಎಂದು ಹೆಸರಾದ ಊರಿಗೆ ನಾಟಕ ಕಂಪನಿಯ ಜೊತೆಯಲ್ಲೇ ಬಂದು, ಬಂದ ದಿನವೇ ಹೀಗೆ ಬೀದಿಯಲ್ಲಿ ನಿಂತಿದ್ದೆ. ಎಪ್ಪತ್ತರ ದಶಕದ ಆರಂಭ ಅದು. ನನ್ನ ಗಂಡ ಶಿವಪ್ಪ ಕಂಪನಿಯ ಪರದೆಗಳ ಮೇಲೆ ಅರಮನೆ, ಕಾಡು ಬರೆಯುವವರು. ತಾನು ವೇಷ ಹಾಕುವವನಲ್ಲ ಎಂದು ತಿಳಿಸಲು “ನಾ ಬಣ್ಣ ಹಚ್ಚಾಂವರೀ” ಎಂದರು. ಮನೆಯೊಡತಿ ಗಂಗಮ್ಮನವರ ಮುಖ ಇನ್ನಷ್ಟು ಬಿಗಿಯಾಯಿತು. ಬಣ್ಣ ಹಚ್ಚುವವರೆಂದರೆ ಅವರ ಪಾಲಿಗೆ ನಟರೇ. ಕೊನೆಗೆ ನನ್ನ ಬಸುರಿ ಹೊಟ್ಟೆ ನೋಡಿ ಹಿತ್ತಿಲ ಕೋಣೆಯ ಬಾಗಿಲು ತೆಗೆದರು.

ಗದಗಿನಲ್ಲಿರುವ ನಮ್ಮೂರವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನ್ನಪ್ಪನಿಗೆ ಯಾರೂ ಮನೆ ಇಲ್ಲ ಅಂದದ್ದಿಲ್ಲ. ಇಲ್ಲಿನವರು ತುಮಕೂರು ಸೀಮೆಯನ್ನು ಕಲ್ಪತರು ನಾಡು ಎನ್ನುತ್ತಾರೆ. ಕಲ್ಪತರು ಅಂದರೆ ತೆಂಗು. ಸಾರಿಗೂ ಕಾಯಿ, ಪಲ್ಯಕ್ಕೂ ಕಾಯಿ. ನನ್ನ ನಾಲಿಗೆ ಮಾತ್ರ ಜೋಳದ ರೊಟ್ಟಿ ಕೇಳುತ್ತಿತ್ತು. ರಾಗಿಮುದ್ದೆಯನ್ನು ಅಗಿಯುತ್ತಿದ್ದವಳಿಗೆ ನುಂಗುವುದನ್ನು ಕಲಿಸಿದವರು ಗಂಗಮ್ಮನವರು. ಬಾಣಂತನ ಮಾಡಿದವರೂ ಅವರೇ. ಮಗಳು ಸುಮಾ ಮಾತು ಕಲಿತದ್ದು ಅವರ ಮಡಿಲಲ್ಲಿ. ನಾನು “ಬಾರ ಯವ್ವಾ” ಎಂದು ಕರೆದರೆ ಅವಳು “ಬತ್ತೀನಿ” ಎನ್ನುತ್ತಿದ್ದಳು.

ಅವಳಿನ್ನೂ ಅಂಬೆಗಾಲಿಡುತ್ತಿದ್ದಾಗಲೇ ಕಂಪನಿ ಮುಚ್ಚಿತ್ತು. ಮಾಲೀಕರು ಪರದೆಗಳನ್ನು ಮಾರಿದರು. ಕುಣಿಗಲ್ ದಾರಿಯ ಅಂಗಡಿಯೊಂದರ ಮುಂದೆ ನನ್ನ ಗಂಡ ಬರೆದ ಅರಮನೆ ಬಿಸಿಲಿಗೆ ಅಡ್ಡ ಕಟ್ಟಿದ ಬಟ್ಟೆಯಾಗಿತ್ತು. ಬಸ್ಸಿನಿಂದ ಅದನ್ನು ಕಂಡ ಇವರು ಅದು ಮರೆಯಾಗುವತನಕ ಕತ್ತು ತಿರುಗಿಸಿ ನೋಡುತ್ತಲೇ ಇದ್ದರು.

ಆ ಮಳೆಗಾಲದಲ್ಲೇ ಯುವಕರ ಸಂಘದವರು ಬಂದು, ರಸ್ತೆ ಬದಿಗೆ ನಿಲ್ಲಿಸಲು “ನಾಟಕದ ತವರು ಗುಬ್ಬಿಗೆ ಸುಸ್ವಾಗತ” ಎಂದು ಇವರ ಕೈಯಲ್ಲಿ ಬೋರ್ಡ್ ಬರೆಸಿದರು. ಬರೆಯುತ್ತಿದ್ದವರು ನಡುವೆ ಕುಂಚ ಎತ್ತಿ ನನ್ನ ಕಡೆ ತಿರುಗಿ ಕೇಳಿದರು, “ತವರಂದ್ರ ಬಿಟ್ಟು ಹೋಗೂ ಮನಿ ಅಲ್ಲೇನ?”

ನಾನು ಬಣ್ಣದ ಡಬ್ಬಿಯನ್ನು ಅವರ ಹತ್ತಿರಕ್ಕೆ ಸರಿಸಿದೆ.

ಬೋರ್ಡ್ ಚೆನ್ನಾಗಿ ಬಂತು. ಅದನ್ನು ನೋಡಿ, ಕುದುರೆ ಫಾರಮ್ಮಿಗೆ ಹೆಸರಾದ ಕುಣಿಗಲ್ಲಿನವರು ತಮ್ಮೂರ ಹೆಸರಿನ ಪಕ್ಕ ಕುದುರೆ ಬರೆಸಿದರು, ತುಮಕೂರಿನವರು ತೆಂಗಿನ ಮರ ಬರೆಸಿದರು. ಆದರೆ ಒಂದೂರಿಗೆ ಎಷ್ಟು ಸ್ವಾಗತ ಬೋರ್ಡ್ ಬೇಕು? ಕೊನೆಗೆ ಇವರು ತುಮಕೂರು ಬಳಿಯ ಹಿರೇಹಳ್ಳಿಯ ಒಂದು ವರ್ಕ್‌ಶಾಪಿಗೆ ಸೇರಿದರು. ದಿನವಿಡೀ ಯಂತ್ರಗಳಿಗೆ ಬೂದು ಬಣ್ಣ ಸಿಂಪಡಿಸುವ ಕೆಲಸ. ಕೆಲವೇ ವರ್ಷಗಳಲ್ಲಿ ಕೆಮ್ಮು ಅಂಟಿಕೊಂಡಿತು. ಗದಗಿಗೆ ಹೋಗೋಣ ಎಂದು ನಾನು ಬೇಡಿಕೊಂಡೆ. ಕಂಪನಿ ಮತ್ತೆ ಟೆಂಟ್ ಹಾಕಿದರೆ ತನ್ನನ್ನು ಇಲ್ಲೇ ಹುಡುಕಿಕೊಂಡು ಬರುತ್ತಾರೆ ಎಂದು ಅವರು ನಂಬಿದ್ದರು. ಯಾರೂ ಬರಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಬೇಸಿಗೆಯಲ್ಲಿ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಾಡಿಗೆಯವರ ಹೆಣವನ್ನು ಮನೆಯೊಳಗೆ ಬಿಟ್ಟುಕೊಳ್ಳುವವರು ಕಡಿಮೆ. ಗಂಗಮ್ಮನವರು ತಮ್ಮ ಪಡಸಾಲೆ ಗುಡಿಸಿ, ಅಲ್ಲೇ ಕೂರಿಸಿ ಎಂದರು. ಊರ ಹೊರಗೆ ಮಣ್ಣು ಮಾಡಿದೆವು.

ಕಾರ್ಯಗಳೆಲ್ಲ ಮುಗಿದ ಮೇಲೆ ನನ್ನಣ್ಣ ಬಸಣ್ಣ ನಮ್ಮನ್ನು ಕರೆದೊಯ್ಯಲು ನಿಂತ. ಪಾತ್ರೆ ಕಟ್ಟಿದ್ದಾಯಿತು, ಟ್ರಂಕಿಗೆ ಸೀರೆ ತುಂಬಿದ್ದಾಯಿತು.

“ನಡಿಯವಾ ತಂಗಿ, ಊರಿಗೆ ಹೋಗೂಣು. ಇಲ್ಲಿ ನಿಮಗ ಯಾರದಾರ?”

ಸುಮಾ ಬಾಗಿಲಲ್ಲಿ ನಿಂತಿದ್ದಳು. “ಯಾವೂರ್ಗೆ ಮಾವ?”

“ನಮ್ಮೂರಿಗೆ.”

“ನಮ್ಮೂರಲ್ಲೇ ಇದೀವಲ್ಲ.”

ಅಣ್ಣ ನನ್ನ ಮುಖ ನೋಡಿದ. ನಾನು ತುಂಬಿದ ಟ್ರಂಕಿನ ಮೇಲೆ ಕೂತೆ, ಏಳಲಿಲ್ಲ. ಸಂಜೆಯ ಬಸ್ಸಿಗೆ ಅವನೊಬ್ಬನೇ ಹೋದ.

ಪಾತ್ರೆಗಳನ್ನು ಮರುದಿನವೇ ಬಿಚ್ಚಿದೆ, ಅಡುಗೆಯಾಗಬೇಕಿತ್ತು. ನನ್ನ ಒಳ್ಳೆಯ ಸೀರೆಗಳು ಮಾತ್ರ ಇವತ್ತಿಗೂ ಟ್ರಂಕಿನಲ್ಲೇ ಇವೆ. ದಿನ ಉಡುವ ಎರಡನ್ನು ಹಿತ್ತಿಲ ತಂತಿಯ ಮೇಲೆ ಒಣಹಾಕುತ್ತೇನೆ.