ಒರಳುಕಲ್ಲಿನೊಳಗಿನ ಬೀಗದ ಕೈ

ನಮ್ಮತ್ತೆಯ ಮನೆಯಲ್ಲಿ ಒಳಗೆ ಜನ ಇರುವಾಗ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನೊಮ್ಮೆ ಮಧ್ಯಾಹ್ನ ಚಿಲಕ ಹಾಕಿಕೊಂಡು ತಲೆ ಬಾಚಿಕೊಳ್ಳುತ್ತಿದ್ದೆ. ಹೊಲದಿಂದ ಬಂದ ಅತ್ತೆ ಬಾಗಿಲು ಬಡಿದ ರಭಸಕ್ಕೆ ಬಾಚಣಿಗೆ ಕೈಜಾರಿ ಬಿತ್ತು.

"ಏನಮ್ಮಾ, ಜನ ಓಡಾಡೋ ವೊತ್ನಾಗೆ ಚಿಲಕ ಆಕ್ಕೊಂಡಿದ್ದೀಯ? ಯಾರಾದ್ರೂ ಬಂದ್ರೆ ಏನಂದ್ಕೊಂತಾರೆ?" ಎಂದು ಬೈದು, ಆಮೇಲೆ ಮೆತ್ತಗೆ ಹೇಳಿದರು: "ಬಾಗ್ಲಿಗೆ ಬಂದೋರ್ನ ಯಾರು ಅಂತ ಕೇಳಬಾರ್ದು ಕಣಮ್ಮಿ. ನೀರು ಬೇಕಾ ಅಂತ ಕೇಳ್ಬೇಕು."

ಅವರು ಹಾಗೆಯೇ ಬದುಕಿದವರು. ಕನ್ನಡದವರು ಬಂದರೆ ‘ಬನ್ನಿ’, ತಮಿಳಿನವರು ಬಂದರೆ ‘ವಾಂಗ’, ತೆಲುಗಿನವರು ಬಂದರೆ ‘ರಾಮ್ಮಾ’. ಬಂದವರು ಪಾತ್ರೆ ಮಾರುವವರಾಗಲಿ, ದಾರಿ ತಪ್ಪಿದವರಾಗಲಿ, ಮೊದಲು ಒಂದು ಚೊಂಬು ನೀರು. ನನಗೆ ಇದು ಮೊದಮೊದಲು ಕಿರಿಕಿರಿ, ಆಮೇಲೆ ಅಭ್ಯಾಸ, ಆಮೇಲೆ ಹೆಮ್ಮೆ ಕೂಡ ಆಯಿತು.

ನಾನು ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬೆಳಿಗ್ಗೆ ನಮ್ಮೂರಿನ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ವಾಪಸು ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ನನ್ನ ಗಂಡ ಲಾರಿ ಓಡಿಸುತ್ತಾರೆ. ಮನೆಗೆ ಬರುವುದು ವಾರಕ್ಕೊಮ್ಮೆ, ಅದೂ ಬಂದರೆ ಬಂದರು. ಮನೆಯಲ್ಲಿ ಅತ್ತೆ, ಆರನೇ ಕ್ಲಾಸಿನ ನನ್ನ ಮಗಳು, ಎರಡು ಹಸು. ಮಗಳು ಸ್ಕೂಲಿಂದ ಬರುವ ಹೊತ್ತಿಗೆ ಅತ್ತೆ ಡೇರಿಗೆ ಹಾಲು ಹಾಕಲು ಹೋಗಿರುತ್ತಾರೆ. ಹಾಗಾಗಿ ಬೀಗದ ಕೈಯನ್ನು ಬಾಗಿಲ ಪಕ್ಕದ ಒರಳುಕಲ್ಲಿನೊಳಗೆ, ಗುಂಡುಕಲ್ಲಿನ ಕೆಳಗೆ ಇಟ್ಟು ಹೋಗುವುದು ರೂಢಿ. ಮಿಕ್ಸಿ ಬಂದ ಮೇಲೆ ಆ ಒರಳಿಗೆ ಬೇರೆ ಕೆಲಸವೂ ಇರಲಿಲ್ಲ. ಮಗಳು ಗುಂಡನ್ನು ಒಂದಿಷ್ಟು ವಾಲಿಸಿ, ಕೈ ತೂರಿಸಿ ಬೀಗದ ಕೈ ತೆಗೆದುಕೊಳ್ಳುತ್ತಿದ್ದಳು. ಅತ್ತೆ ಬರುವ ತನಕ ಅವಳು ಒಬ್ಬಳೇ. ನಮ್ಮೂರಲ್ಲಿ ಅದಕ್ಕೆ ಯಾರೂ ಹೆದರುವುದಿಲ್ಲ.

ಆ ಹೊತ್ತಿನಲ್ಲಿ ಅವಳಿಗೆ ಜೊತೆ ನನ್ನ ಹಳೇ ಫೋನು. ಹೋಂವರ್ಕ್ ಗ್ರೂಪಿಗೆ ಅಂತ ಕೊಟ್ಟಿದ್ದೆ. ಅದರಲ್ಲಿ ಅವಳು ಒಂದು ಆಟ ಹಾಕಿಕೊಂಡಿದ್ದಳು. ಇಟ್ಟಿಗೆಯಂಥ ಚೌಕಗಳನ್ನು ಪೇರಿಸಿ ಮನೆ ಕಟ್ಟುವುದು, ಊರು ಕಟ್ಟುವುದು. ಹೊಡೆದಾಟವಿಲ್ಲ, ದುಡ್ಡು ಕಟ್ಟುವುದಿಲ್ಲ, ಮಗು ಸುಮ್ಮನೆ ಮನೆ ಕಟ್ಟಿಕೊಂಡು ಕೂತಿರುತ್ತದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಅಂಗಡಿಗೆ ಬರುವ ಹೆಂಗಸರಿಗೆ ಮಾತ್ರ ನಾನು ದೊಡ್ಡ ಪಂಡಿತೆ. "ಡಿಪಿ ಲಾಕ್ ಮಾಡ್ಕೊಳ್ರಮ್ಮಾ, ಫೋಟೊ ಕಂಡಕಂಡೋರ್ಗೆಲ್ಲ ಕಾಣ್ತೈತೆ" ಅಂತ ಅಳತೆ ತೆಗೆಯುತ್ತಲೇ ಪಾಠ ಹೇಳುತ್ತಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಆ ಹಲ್ಲಿ ನಾನೇ.

ಅವತ್ತು ಬಂಗಾರಪೇಟೆಯಲ್ಲಿ ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತವು. ಅಂಗಡಿಯವರು ಮನೆಗೆ ಹೋಗಿ ಎಂದರು. ಬಸ್ಸು ಹಿಡಿದು ಬಂದೆ. ಮಗಳು ಆಗತಾನೇ ಸ್ಕೂಲಿಂದ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೆ ಜಗಲಿ ಮೇಲೆ ಫೋನು ಹಿಡಿದು ಕೂತಿದ್ದಳು. ಬೈಯೋಣ ಅಂತ ಬಾಯಿ ತೆರೆದವಳು ಪರದೆ ನೋಡಿ ಪಕ್ಕದಲ್ಲೇ ಕೂತೆ.

ಅದು ನಮ್ಮ ಮನೆ. ನೀಲಿ ಬಾಗಿಲು, ಕೆಂಪು ಜಗಲಿ, ಒಂದು ಕೊಂಬು ಸೊಟ್ಟಗಿರುವ ನಮ್ಮ ಕೆಂದಹಸು. ಅಯ್ಯೋ ನನ್ನ ಬಂಗಾರ ಅನ್ನಿಸಿತು.

"ಇದೆಲ್ಲ ನೀನೇ ಕಟ್ಟಿದ್ದೇನೇ?"

"ಊ ಅಮ್ಮ. ನೋಡು, ಇದು ನಿನ್ನ ಮಿಷನ್ನು. ಇಲ್ಲಿ ಅಜ್ಜಿ ಮಲಗ್ತಾಳೆ, ಇಲ್ಲಿ ನಾನು. ಈ ರೋಡು ಸ್ಟೇಷನ್ನಿಂದ ಬತ್ತೈತೆ. ಇದು ಸೈನೈಡ್ ಗುಡ್ಡ."

ಬೂದು ಬಣ್ಣದ ಚೌಕಗಳ ಗುಡ್ಡ. ಗಣಿಯ ಕಾಲದಲ್ಲಿ ಕಲ್ಲು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದು ಸುರಿದು ಬೆಳೆದ ಗುಡ್ಡ ಅದು. ಅದನ್ನು ಕಂಡವರು ಇದು ಯಾವ ಊರೆಂದು ಕೇಳಬೇಕಾಗಿಲ್ಲ. ಬಾಗಿಲ ಪಕ್ಕದಲ್ಲಿ ಒರಳುಕಲ್ಲೂ ಇತ್ತು.

ನಾನು ಅವಳ ತಲೆ ಸವರುತ್ತಿದ್ದೆ. ಆಗ ಆ ರೋಡಿನಲ್ಲಿ ಕೆಂಪು ಟೋಪಿಯ ಒಂದು ಬೊಂಬೆ ನಡೆದು ಬಂತು. ಎಲ್ಲೂ ನಿಲ್ಲಲಿಲ್ಲ, ಅತ್ತ ಇತ್ತ ನೋಡಲಿಲ್ಲ. ನೇರ ಒರಳುಕಲ್ಲಿಗೆ ಹೋಗಿ, ಗುಂಡು ಸರಿಸಿ, ಕೆಳಗಿದ್ದ ಹಳದಿ ಬೀಗದ ಕೈ ತೆಗೆದು, ಬಾಗಿಲು ತೆರೆದು ನಮ್ಮ ಮನೆಯೊಳಗೆ ಹೋಯಿತು.

"ಇದ್ಯಾರೇ?"

"ನನ್ನ ಫ್ರೆಂಡು."

"ಸ್ಕೂಲಿನವಳಾ?"

"ಅಲ್ಲಮ್ಮ. ಗೊತ್ತಿಲ್ಲ. ದಿನಾ ಬತ್ತಾರೆ."

ಪರದೆಯ ಮೂಲೆಯಲ್ಲಿ ಮಾತು ಮೂಡಿತು. ಇಂಗ್ಲಿಷ್ ಅಕ್ಷರ, ಮಾತು ಕನ್ನಡ: ‘ಇವತ್ತು ಅಜ್ಜಿ ಡೇರಿಯಿಂದ ಎಷ್ಟೊತ್ತಿಗೆ ಬರ್ತಾರೆ?’

ಫೋನು ಕಿತ್ತುಕೊಂಡೆ. ಅವಸರದಲ್ಲಿ ಏನು ಒತ್ತಿದರೂ ಬೇರೇನೋ ತೆರೆಯುತ್ತಿತ್ತು. ಹಳೆಯ ಮಾತುಗಳನ್ನೆಲ್ಲ ಮೇಲೆ ತಳ್ಳಿ ತಳ್ಳಿ ಓದಿದೆ. ಆ ಹಾಳಾದವನು ಒಂದೊಂದೇ ಕೇಳಿದ್ದ. ಮನೆ ಸ್ಟೇಷನ್ನಿಂದ ಯಾವ ಕಡೆ, ರೋಡು ಕೂಡ ಕಟ್ಟು. ಬಾಗಿಲು ನಿಜವಾಗಲೂ ನೀಲಿನಾ? ಬೀಗದ ಕೈ ನಿಜವಾಗಲೂ ಅಲ್ಲೇ ಇಡ್ತೀರಾ? ಅಪ್ಪ ಯಾವಾಗ ಬರ್ತಾರೆ? ನನ್ನ ಮಗಳು, ಪರೀಕ್ಷೆಯಲ್ಲಿ ಉತ್ತರ ಬರೆದ ಹಾಗೆ, ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಿದ್ದಳು. ಅಮ್ಮ ರೈಲಿಗೆ ಹೋಗ್ತಾಳೆ. ಅಪ್ಪ ಲಾರಿ. ನಾನು ಒಬ್ಬಳೇ ಇರ್ತೀನಿ.

ಒಬ್ಬಳೇ ಇರ್ತೀನಿ. ಹೊಡೆಯಲು ಕೈ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡು ಕೆನ್ನೆ ಕೊಟ್ಟು ನಿಂತಳು. ಎತ್ತಿದ ಕೈಯಲ್ಲೇ ಅವಳನ್ನು ಎಳೆದು ಅಪ್ಪಿಕೊಂಡೆ.

"ಅವ್ರು ಒಳ್ಳೇವ್ರಮ್ಮ," ಎಂದು ಅಳತೊಡಗಿದಳು. "ನಮ್ಮ ಅಸುಗೆ ಉಲ್ಲು ಆಕಿದ್ರು."

ಅಷ್ಟರಲ್ಲಿ ಅತ್ತೆ ಖಾಲಿ ಕ್ಯಾನು ಹಿಡಿದು ಬಂದರು. ನಾನು ಬೆಂಕಿಯಾಗಿದ್ದೆ. "ಯಾರು ಬೇಕಾದ್ರೂ ಒಳಕ್ಕೆ ಬರಬೌದು ಅಂತ ಮಾಡವ್ಳೆ ಅತ್ತೆ ನಿಮ್ಮ ಮೊಮ್ಮಗಳು! ಯಾರೇ ಇದನ್ನ ನಿನಗೆ ಹೇಳ್ಕೊಟ್ಟಿದ್ದು?"

ಮಗಳು ಬಿಕ್ಕುತ್ತಲೇ ಅಜ್ಜಿಯ ಕಡೆ ನೋಡಿದಳು. "ಅಜ್ಜೀನೇ ಏಳಿದ್ದು."

ನಡೆದದ್ದು ಇಷ್ಟು. ಮನೆ ಕಟ್ಟಿ ಮುಗಿದಾಗ ಆಟ ಕೇಳಿದೆ: ನಿನ್ನ ಮನೆಗೆ ಯಾರು ಬರಬಹುದು? ಎಲ್ಲರೂ, ಗೆಳೆಯರು ಮಾತ್ರ, ನಾನೊಬ್ಬಳೇ. ಮೂರರಲ್ಲಿ ಒಂದನ್ನು ಒತ್ತಬೇಕು. ಮಗಳಿಗೆ ತಿಳಿಯದೆ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದ್ದಾಳೆ. ನಮ್ಮತ್ತೆ ತಲೆ ಕೂಡ ಎತ್ತದೆ, "ಅದೇನು ಕೇಳೋ ಮಾತಾ ಪಾಪ? ಎಲ್ಲಾರೂ ಬರಬೌದು ಅಂತ ಒತ್ತು. ಮನೆ ಕಟ್ಟಿ ಬಾಗ್ಲು ಆಕ್ಕೊಂಡು ಕೂರ್ತಾರಾ?" ಅಂದಿದ್ದಾರೆ.

ಅತ್ತೆಗೆ ಬೈಯಲು ನಾಲಿಗೆ ತುದಿಗೆ ಬಂದದ್ದೆಲ್ಲ ಅಲ್ಲೇ ಒಣಗಿತು. ನನಗೂ ಅವರು ಹೇಳಿಕೊಟ್ಟಿದ್ದು ಅದನ್ನೇ, ನನ್ನ ಮಗಳಿಗೆ ನಾನು ಹೇಳಿಕೊಟ್ಟಿದ್ದೂ ಅದನ್ನೇ. ಅತ್ತೆಗೆ ಮೊದಲು ಏನೂ ಅರ್ಥವಾಗಲಿಲ್ಲ. "ಫೋನ್ನಾಗಿನ ಮನೆ ತಾನೇ? ಅದರಾಗೆ ಯಾರು ಬಂದ್ರೇನಮ್ಮಾ?" ಎಂದರು. ನಾನು ಕೆಂಪು ಟೋಪಿಯ ಮಾತುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅಜ್ಜಿ ಎಷ್ಟೊತ್ತಿಗೆ ಬರ್ತಾರೆ ಎನ್ನುವಲ್ಲಿಗೆ ಬಂದಾಗ ಅವರು ಕ್ಯಾನು ಕೆಳಗಿಟ್ಟು ಗೋಡೆ ಹಿಡಿದು ಕೂತರು.

"ನನ್ನ ಇಚಾರಾನೂ ಕೇಳವ್ನಾ?" ಎಂದರು ಸಣ್ಣ ದನಿಯಲ್ಲಿ. "ಥೂ, ಅವನ ಮನೆ ಆಳಾಗ."

ಸೆಟಿಂಗ್ಸು ತೆರೆದೆ. ದೇವರೇ, ಅದೊಂದು ಸಂತೆ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಎಲ್ಲ ಇಂಗ್ಲಿಷಿನಲ್ಲಿ. ಮಗಳು ಮೂಗು ಒರೆಸಿಕೊಳ್ಳುತ್ತ ಓದಿ ಹೇಳಿದಳು, ನಾನು ಒತ್ತಿದೆ. ಮನೆಗೆ ಯಾರು ಬರಬಹುದು? ನಾನೊಬ್ಬಳೇ. ಮಾತು ಯಾರು ಕಳಿಸಬಹುದು? ಯಾರೂ ಇಲ್ಲ. ಆಡುತ್ತಿದ್ದೀನೆಂದು ಯಾರಿಗೆ ಕಾಣಬೇಕು? ಯಾರಿಗೂ ಬೇಡ. ಅವಳದೇ ಹೆಸರು, ಸ್ಕೂಲಿನ ಬ್ಯಾಡ್ಜ್ ಕಾಣುವ ಫೋಟೊ, ಎರಡೂ ಎಲ್ಲರಿಗೂ ಕಾಣುವಂತಿದ್ದವು. ಅವನ್ನು ತೆಗೆದೆ. ಕೆಂಪು ಟೋಪಿಯ ಮಾತುಗಳನ್ನೆಲ್ಲ ಸ್ಕ್ರೀನ್‌ಶಾಟ್ ಹೊಡೆದಿಟ್ಟುಕೊಂಡು, ಕಂಪನಿಗೆ ದೂರು ಕಳಿಸಿ, ಅವನನ್ನು ಬ್ಲಾಕ್ ಮಾಡಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುವ ಮಾತು ತಲೆಯಲ್ಲಿ ಗುಯ್ಯೆನ್ನುತ್ತಿತ್ತು. ಈ ಬಾಗಿಲನ್ನೇನೋ ಹಾಕಿದೆ. ಅವನು ನೋಡಿಕೊಂಡು ಹೋದದ್ದನ್ನು ಅವನ ತಲೆಯಿಂದ ಹೇಗೆ ಅಳಿಸುವುದು?

ಗಂಡನಿಗೆ ಫೋನು ಮಾಡಿದೆ. "ಎಲ್ಲೋ ಕೂತ್ಕೊಂಡು ಆಡೋ ಪುಂಡ ಇರ್ತಾನೆ, ಎದರ್ಕೋಬೇಡ. ನಾನು ಬಂದ್ಮೇಲೆ ಪೊಲೀಸ್ ಸ್ಟೇಷನ್ಗೆ ಓಗಾನ" ಎಂದರು. ಹೆಣ್ಣುಮಗುವಿನ ವಿಷಯ, ಪೊಲೀಸು ಅಂದರೆ ಊರು ಏನಂದೀತೋ ಎಂದು ನನಗೂ ಹಿಂಜರಿಕೆ. ಬೀಗದ ಕೈ ಅತ್ತೆಯ ಸೊಂಟ ಸೇರಿತು. ಅವರೇ ಸ್ಕೂಲಿಗೆ ಹೋಗಿ ಮೊಮ್ಮಗಳನ್ನು ಕರೆದುಕೊಂಡು, ಅಲ್ಲಿಂದ ಅವಳನ್ನೂ ಡೇರಿಗೆ ನಡೆಸಿಕೊಂಡು ಹೋಗತೊಡಗಿದರು. ರೈಲಿನಲ್ಲಿ ಕೂತರೆ ನನಗೆ ಎದುರಿನ ಪ್ರತಿ ಗಂಡಸೂ ಕೆಂಪು ಟೋಪಿಯವನೇ. ಫೋನು ನೋಡಿ ನಕ್ಕವನ ಕುತ್ತಿಗೆ ಹಿಡಿಯಬೇಕೆನ್ನಿಸುತ್ತಿತ್ತು. ಬ್ಲೌಸಿನ ತೋಳು ತಿರುವುಮುರುವು ಹೊಲಿದು ಅಂಗಡಿಯಲ್ಲಿ ಬೈಸಿಕೊಂಡೆ.

ಆ ವಾರ ಕಳೆಯುವುದರೊಳಗೆ, ಒಂದು ಸಂಜೆ, ನಾನು ಸ್ಟೇಷನ್ನಿಂದ ಬರುವುದಕ್ಕೂ ಅವರಿಬ್ಬರು ಡೇರಿಯಿಂದ ತಡವಾಗಿ ಬರುವುದಕ್ಕೂ ಸರಿಹೋಯಿತು. ಮೂವರೂ ಮಾತಾಡುತ್ತ ಮನೆ ಮುಂದೆ ಬಂದೆವು. ಬಾಗಿಲ ಬೀಗ ಹಾಕಿದ ಹಾಗೇ ಇತ್ತು. ಮೊದಲು ಕಂಡದ್ದು ಮಗಳಿಗೆ.

"ಅಮ್ಮ, ಗುಂಡು."

ಒರಳುಕಲ್ಲಿನ ಗುಂಡುಕಲ್ಲು ನೆಲದ ಮೇಲಿತ್ತು. ಒರಳು ಬಾಯಿ ತೆರೆದುಕೊಂಡಿತ್ತು. ತಳದಲ್ಲಿ ಎಂದಿನದೋ ಮಳೆಯ ಕಸ, ಒಂದು ಸತ್ತ ಜಿರಳೆ.

"ನಾಯೇನಾದ್ರೂ..." ಎಂದು ಶುರು ಮಾಡಿದ ಅತ್ತೆ ಅಲ್ಲೇ ನಿಲ್ಲಿಸಿದರು. ಯಾವ ನಾಯಿ ಗುಂಡುಕಲ್ಲು ಎತ್ತಿ ಪಕ್ಕಕ್ಕಿಡುತ್ತದೆ? ಅಕ್ಕಪಕ್ಕದವರನ್ನು ಕೇಳಿದೆ. ಯಾರೂ ಮುಟ್ಟಿಲ್ಲ. ಎದುರುಮನೆಯ ಹೆಂಗಸು ಮಾತ್ರ, "ಸ್ಕೂಲು ಬಿಡೋ ವೊತ್ನಾಗೆ ಯಾರೋ ಬಂದಿದ್ದಂಗಿತ್ತು. ನಿಮ್ಮನೇಗೆ ದಿನಾ ಯಾರಾದ್ರೂ ಬತ್ತಾನೇ ಇರ್ತಾರಲ್ಲ, ನಾನು ಸರಿಯಾಗಿ ನೋಡ್ಲಿಲ್ಲ" ಎಂದಳು.

ಅವನು ಬಂದಿದ್ದ. ಬೊಂಬೆಯಲ್ಲ, ಕೈ ಇರುವ, ಕಲ್ಲು ಎತ್ತುವ ಮನುಷ್ಯ. ಮೊದಲಿನಂತಿದ್ದಿದ್ದರೆ ಆ ಹೊತ್ತಿಗೆ ನನ್ನ ಮಗಳು ಒಳಗೆ ಒಬ್ಬಳೇ ಇರುತ್ತಿದ್ದಳು. ಊರು ಏನಾದರೂ ಅಂದುಕೊಳ್ಳಲಿ ಎಂದು ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಆ ಫೋನು ಹಿಡಿದುಕೊಂಡು ಆಟೊ ಹತ್ತಿ ಪೊಲೀಸ್ ಸ್ಟೇಷನ್ನಿಗೆ ಹೋದೆ. ಅಲ್ಲಿ ಒಬ್ಬ ಮಹಿಳಾ ಪೊಲೀಸು ಎಲ್ಲವನ್ನೂ ಕೂತು ಓದಿದರು. ಅರ್ಧ ಓದುವಷ್ಟರಲ್ಲಿ ಅವರ ಮುಖ ಬದಲಾಯಿತು. ದೂರು ಬರೆಸಿಕೊಂಡರು, ಫೋನು ಇಟ್ಟುಕೊಂಡರು, "ನಾಳೆಯಿಂದ ಸ್ಕೂಲು ಬಿಡೋ ಹೊತ್ತಿಗೆ ನಿಮ್ಮ ಕಡೆ ಒಂದು ರೌಂಡು ಬರ್ತೀವಮ್ಮ" ಎಂದರು.

ಮನೆಗೆ ಬಂದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ಬೀಗ ಇರಲಿಲ್ಲ, ಒಳಗೆ ದೀಪ ಉರಿಯುತ್ತಿತ್ತು. ತಳ್ಳಿದೆ. ಬಾಗಿಲು ಅಲ್ಲಾಡಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ಬಡಿದೆ.

"ಯಾರು?"

ನಮ್ಮತ್ತೆಯ ದನಿ. ಆ ಬಾಗಿಲಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ನಾನು ಕಣತ್ತೆ."

"ನಾನು ಅಂದ್ರೆ ಯಾರು?"

"ನಿಮ್ಮ ಸೊಸೆ."

ಚಿಲಕ ತಕ್ಷಣ ಸರಿಯಲಿಲ್ಲ. ಪಕ್ಕದ ಕಿಟಕಿ ಒಂದಿಷ್ಟೇ ತೆರೆಯಿತು. ಅತ್ತೆ ನನ್ನ ಮುಖ ನೋಡಿದರು, ನನ್ನ ಹಿಂದೆ ರಸ್ತೆಯಲ್ಲಿ ಯಾರಾದರೂ ಇದ್ದಾರೇನೋ ಎಂದು ನೋಡಿದರು. ಆಮೇಲೆ ಬಾಗಿಲು ತೆರೆದು ನನ್ನನ್ನು ಒಳಗೆ ಎಳೆದುಕೊಂಡು ಮತ್ತೆ ಚಿಲಕ ಹಾಕಿದರು.