ಕೆರೆಯ ಪಡುವಣ ಮೂಲೆ

ಸ್ಯಾನ್ ರಮೋನಿನ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಹಿಂದೆ ಮರಳು, ಜಲ್ಲಿ ತೆಗೆಯುತ್ತಿದ್ದ ದೊಡ್ಡ ಗುಂಡಿಯೊಂದು ಈಗ ಕೆರೆಯಾಗಿದೆ. ಮಳೆಯಿಂದ ತುಂಬಿದ್ದಲ್ಲ, ಅಗೆಯುತ್ತ ಆಳಕ್ಕೆ ಹೋದಾಗ ನೆಲದೊಳಗಿನ ನೀರೇ ಬಂದು ನಿಂತದ್ದು. ಅದರ ನೀರಿನ ಯೋಜನೆ ಬರೆಯುವ ಕೆಲಸ, ನಾನಿದ್ದ ನೀರಿನ ಇಲಾಖೆಯ ಆಫೀಸಿನಲ್ಲಿ ನನ್ನ ಪಾಲಿಗೆ ಬಂದಿತ್ತು. ಮಣ್ಣಿನಡಿ ಇದ್ದ ನೀರು ಬಿಸಿಲಿಗೆ ಬಿದ್ದರೆ ಆವಿಯಾಗಿ ಹೋಗುತ್ತದೆ. ಅದು ಸುತ್ತಲಿನ ಬಾವಿಗಳಿಗೆ ಸೇರಬೇಕಾದ ನೀರು. ಹೋದಷ್ಟನ್ನು ಬೇರೆ ಕಡೆಯಿಂದ ತಂದು ನೆಲಕ್ಕೆ ಮರಳಿಸಲೇಬೇಕು.

ನನ್ನ ಗಂಡ ಉಡುಪಿಯ ಕಡೆಯವನು. ವಾರವಿಡೀ ಸೇತುವೆ ದಾಟಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋಗಿ ಬರುತ್ತಿದ್ದವನು ಭಾನುವಾರ ಬೆಳಿಗ್ಗೆ ಡಬ್ಬಿಯಲ್ಲಿ ಅವಲಕ್ಕಿ ತುಂಬಿಕೊಂಡು ನನ್ನನ್ನು ಆ ಕೆರೆಗೇ ಎಳೆದೊಯ್ಯುತ್ತಿದ್ದ. ಉಳಿದ ಕಡೆಯೆಲ್ಲ ಬೇಲಿ; ಪಡುವಣ ಮೂಲೆಯಲ್ಲಿ ಮಾತ್ರ ನೀರಿನ ಅಂಚಿನವರೆಗೆ ಹೋಗಬಹುದಿತ್ತು. ಅಲ್ಲಿ ಆಳವಿಲ್ಲದ ನೀರು ಅಗಲವಾಗಿ ಹರಡಿಕೊಂಡಿತ್ತು. ಬಿಳಿ ಪೆಲಿಕನ್ ಹಕ್ಕಿಗಳು ಸಾಲಾಗಿ ತೇಲುತ್ತ ಮೀನನ್ನು ಅಟ್ಟಿಕೊಂಡು ಹೋಗುವುದನ್ನು ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಈ ಮೂಲೆಗೆ ಮಣ್ಣು ತುಂಬಿ ಮುಚ್ಚಿದ್ರೆ, ಆವಿಯಾಗೋ ಎಷ್ಟೋ ನೀರು ಉಳಿಯತ್ತೆ," ಎಂದೆ ಒಮ್ಮೆ.

"ಎಂತ ಮಾರಾಯ್ತಿ ನೀನು! ಆವಿಯಾದ ನೀರು ಎಲ್ಲಿಗೆ ಹೋಗ್ತದೆ? ಎಲ್ಲಾದರೂ ಮಳೆಯಾಗಿ ಬೀಳ್ತದಲ್ಲ?"

"ಈ ಬಾವಿಗಳ ಮೇಲೆ ಬೀಳಲ್ವಲ್ಲ."

"ಆಯ್ತು, ಮುಚ್ಚು. ಮೊದಲು ತಿನ್ನು," ಎಂದು ಡಬ್ಬಿ ನನ್ನ ಕಡೆ ತಳ್ಳಿದ.

ಆ ಚಳಿಗಾಲ ಲ್ಯಾಬಿನಲ್ಲೇ ಅವನ ಹೃದಯ ನಿಂತಿತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಲಸಕ್ಕೆ ಮರಳಿದಾಗ ಮೇಲಧಿಕಾರಿ, ಕೆರೆಯ ಕೆಲಸ ಬೇರೆಯವರಿಗೆ ಕೊಡಲೇ ಎಂದು ಮೆಲ್ಲಗೆ ಕೇಳಿದರು. ಬೇಡವೆಂದೆ. ಬೇರೆ ಯಾರಾದರೂ ಆ ಮೂಲೆಯನ್ನು ನಕ್ಷೆಯಿಂದ ಅಳಿಸುವುದನ್ನು ಊಹಿಸಲೂ ನನಗಾಗಲಿಲ್ಲ. ಮತ್ತೆ ಮತ್ತೆ ಲೆಕ್ಕ ಹಾಕಿದೆ, ಎಲ್ಲಾದರೂ ತಪ್ಪಿದ್ದೇನೆಯೇ ಎಂಬ ಆಸೆಯಿಂದ. ತಪ್ಪಿರಲಿಲ್ಲ. ಮೂಲೆಯನ್ನು ಮಣ್ಣು ತುಂಬಿ ಮುಚ್ಚಬೇಕು, ಉಳಿದ ಕೆರೆಯಿಂದ ಆವಿಯಾಗುವಷ್ಟನ್ನು ಮಳೆಗಾಲದಲ್ಲಿ ಪಕ್ಕದ ತೊರೆಯಿಂದ ತುಂಬಬೇಕು ಎಂದು ನಾನೇ ಬರೆದೆ.

ಊರಿನವರ ಸಭೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು ಕೇಳಿದರು. "ಅಲ್ಲಿಗೆ ಹಕ್ಕಿಗಳು ಬರುತ್ತವೆ. ನೀವು ಒಂದು ದಿನವಾದರೂ ಆ ದಡದಲ್ಲಿ ಕೂತಿದ್ದೀರಾ?"

"ಕೂತಿದ್ದೇನೆ," ಎಂದೆ. ಮುಂದೆ ಹೇಳಬೇಕಾದದ್ದೆಲ್ಲ ಎದುರಿನ ಪರದೆಯ ಮೇಲಿತ್ತು. ನಾನು ನೀರಿನ ಲೋಟ ಎತ್ತಿಕೊಂಡೆ. ಆಕೆ ನನ್ನ ಮುಖವನ್ನೇ ನೋಡಿ ಕುಳಿತುಕೊಂಡರು. ನೀರು ಕುಡಿದು, ಬಾವಿಗಳ ವಿಷಯ ವಿವರಿಸಿದೆ. ಯೋಜನೆಗೆ ಒಪ್ಪಿಗೆ ಸಿಕ್ಕಿತು. ಬೇಸಿಗೆಯಲ್ಲಿ ಲಾರಿಗಳು ಮಣ್ಣು ತಂದು ಸುರಿದವು.

ಈಚೆಗೆ ದೂರದ ಕಾಲೇಜಿನಿಂದ ರಜೆಗೆ ಬಂದ ನಮ್ಮ ಮಗಳು ತಾನಾಗಿಯೇ ಕೆರೆಗೆ ಹೋಗೋಣವೆಂದಳು. ತೊರೆಯ ನೀರು ಬಂದು ಕೆರೆ ತುಂಬಿತ್ತು. ಪೆಲಿಕನ್ನುಗಳು ದೂರದ ದಡಕ್ಕೆ ಸರಿದಿದ್ದವು. ಮುಚ್ಚಿದ ನೆಲದ ಮೇಲೆ ಹುಲ್ಲು ಎದ್ದಿತ್ತು.

"ಅಪ್ಪ ಎಲ್ಲಿ ಕೂರ್ತಿದ್ದ? ಐ ಕಾಂಟ್ ಟೆಲ್."

ನನಗೂ ತಿಳಿಯಲಿಲ್ಲ. ಸುತ್ತ ನೋಡಿ, ಅಂದಾಜಿನ ಮೇಲೆ ಒಂದು ಕಡೆ ಕೈ ತೋರಿಸಿದೆ. ಅವಳು ಓಡಿಹೋಗಿ ಅಲ್ಲಿ ಕುಳಿತಳು. ನಾನೂ ಹೋಗಿ ಅವಳ ಪಕ್ಕ ಕೂತೆ.