ಎರಡು ವರ್ಷ ನಡೆದರೆ ಸಾಕು

ಹೊಸ ಟೈರಿನ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಒಂದು ಕಾಲಕ್ಕೆ ಬಹಳ ಹಿಡಿಸುತ್ತಿತ್ತು. ಹೊಸ ಚಪ್ಪಲಿ, ಹೊಸ ಸೈಕಲ್ಲು, ಜೂನ್ ತಿಂಗಳಲ್ಲಿ ಶಾಲೆಗೆ ಒಯ್ಯುವ ಹೊಸ ಪಾಟೀಚೀಲ ಎಲ್ಲ ಸೇರಿದಂಥ ವಾಸನೆ ಅದು. ಹೋದ ವಾರ ಇಂಡಿ ಪಟ್ಟಣದ ಸಿಂದಗಿ ರಸ್ತೆಯಲ್ಲಿರುವ ಖಾದರಸಾಬರ ಅಂಗಡಿಗೆ ಕಾಲಿಟ್ಟಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹೋಗದೆ ಬಾಗಿಲಲ್ಲೇ ನಿಂತೆ. ನಮ್ಮ ಬಿಳಿ ಕಾರಿಗೆ ಹದಿನೈದು ವರ್ಷ ತುಂಬಿದೆ, ಮತ್ತೆ ಪಾಸಿಂಗ್ ಮಾಡಿಸಬೇಕು, ಬೋಳು ಟೈರಿನ ಗಾಡಿಯನ್ನು ಆರ್‌ಟಿಓ ಆಫೀಸಿನವರು ಪಾಸು ಮಾಡುವುದಿಲ್ಲ. ಖಾದರಸಾಬರು ಬಗ್ಗಿ ನಾಲ್ಕೂ ಗಾಲಿಗಳ ಮೇಲೆ ಕೈಯಾಡಿಸಿ, ಸೊಂಟ ಹಿಡಿದುಕೊಂಡು ಎದ್ದು, ಎರಡು ವರ್ಷದ ಹಿಂದೆ ಕೇಳಿದ್ದನ್ನೇ ಕೇಳಿದರು.

“ಸರ್, ಈ ಸಲ ಎಷ್ಟ ವರ್ಷ ನಡೀಬೇಕ್ರಿ?”

ಅದು ಅವರ ವ್ಯಾಪಾರದ ಮಾತು, ದಿನಕ್ಕೆ ಹತ್ತು ಜನರಿಗೆ ಕೇಳುವ ಮಾತು. “ನೀವ ನೋಡಿ ಹಾಕ್ರಿ” ಎಂದವನೇ ಹೊರಗೆ ಬಂದು ಬೇವಿನ ಗಿಡದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಹಾಗೆ ಕುಳಿತಾಗ ನೆನಪಾದದ್ದನ್ನೇ ಈಗ ನಿಮಗೆ ಹೇಳಲು ಹೊರಟಿದ್ದೇನೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ವ್ಯಾಕರಣವೆಂದರೆ ನನಗೆ ಎಷ್ಟು ಪ್ರೀತಿಯೋ ಚೌಕಾಸಿ ಎಂದರೂ ಅಷ್ಟೇ ಪ್ರೀತಿ. ಸಂತೆಯಲ್ಲಿ ಬದನೆಕಾಯಿಗೆ ಉಗುರು ಚುಚ್ಚಿ ನೋಡದೆ ಕೊಂಡವನಲ್ಲ. ಟೈರಿನ ವಿಷಯದಲ್ಲೂ ಅದೇ ವಿದ್ಯೆ ನಡೆಯುತ್ತದೆ ಎಂದು ನಂಬಿದ್ದೆ. ಮನೆಯವಳು ಕಸ್ತೂರಿ, ಅಗರಖೇಡದ ಹೆಣ್ಣುಮಗಳು, ಹೊಳೆ ದಂಡೆಯವಳು, ಮಾತು ಚೂಪು. ಟೈರ್ ಸವೆದ ಸುದ್ದಿಯನ್ನು ನನಗೆ ಮೊದಲು ಕೊಟ್ಟವಳು ಅವಳೇ.

“ನಿಮ್ಮ ತಲಿಗಿಂತಾ ನುಣ್ಣಗ ಆಗ್ಯಾವು. ಯಾವಾಗ ಹಾಕಸಾವ್ರು?”

“ನಡೀತೈತಿ ಬಿಡು” ಎನ್ನುತ್ತಿದ್ದೆ. ನಮ್ಮ ಕಡೆ ಈ ಒಂದು ಮಾತಿನಲ್ಲೇ ಎಲ್ಲ ಸಂಸಾರ ಸಾಗುತ್ತದೆ. ಸೋರುವ ನಲ್ಲಿ ನಡೀತೈತಿ, ಹರಿದ ಛತ್ರಿ ನಡೀತೈತಿ, ಹಲ್ಲು ನೋವು ನಡೀತೈತಿ.

ಆದರೆ ಎರಡು ವರ್ಷದ ಹಿಂದೆ ಹಾಗೆ ಅನ್ನುವಂತಿರಲಿಲ್ಲ. ಕಸ್ತೂರಿಯ ಎರಡೂ ಕಿಡ್ನಿ ಕೈಬಿಟ್ಟಿದ್ದವು. ವಾರಕ್ಕೆರಡು ಸಲ ವಿಜಯಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಅವಳು ಅದಕ್ಕೆ “ರಕ್ತ ಒಗಸ್ಕೊಂಡು ಬರೂದು” ಎನ್ನುತ್ತಿದ್ದಳು, ಅರಿವೆ ಒಗೆಸಿದ ಹಾಗೆ. ಹಾಗೊಂದು ದಿನ ತಿರುಗಿ ಬರುವಾಗ ದಾರಿಯಲ್ಲಿ ಟೈರ್ ಒಡೆಯಿತು. ಸ್ಟೆಪ್ನಿಯಲ್ಲೂ ಹವಾ ಇರಲಿಲ್ಲ. ಯಾರೋ ಪುಣ್ಯಾತ್ಮರು ಸಹಾಯಕ್ಕೆ ಬರುವ ತನಕ ಒಂದು ತಾಸು ಅವಳು ಜಾಲಿಗಿಡದ ನೆರಳಲ್ಲಿ ಕುಳಿತಿದ್ದಳು. ಬಿಸಿಲು ಕಾದಿತ್ತು. ದಿನಕ್ಕೆ ಇಷ್ಟೇ ನೀರು ಎಂದು ಅವಳಿಗೆ ಅಳತೆ ಹಾಕಿಕೊಟ್ಟಿದ್ದರು, ಆವತ್ತಿನ ಅಳತೆ ಮುಗಿದಿತ್ತು. ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವಳೇ ಕರಾರು ಹಾಕಿದಳು. “ಟೈರ್ ಹಾಕ್ಸಿ ಮೊದಲ ಹಲಸಂಗಿಗಿ ಹೋಗೂಣು. ಅಕ್ಕನ ಮಾರಿ ಒಂದ ಸಲ ನೋಡಬೇಕು.”

ಹಲಸಂಗಿಯಲ್ಲಿರುವುದು ಅವಳ ಅಕ್ಕ ನೀಲವ್ವ. ಅಕ್ಕ ತಂಗಿ ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಇದೇ ಕಾರು ಹೊಸದಾಗಿ ಬಂದಾಗ ಮುದ್ದೇಬಿಹಾಳದಲ್ಲಿ ಒಂದು ಮದುವೆಯಿತ್ತು. ಗಾಡಿಯಲ್ಲಿ ನಮ್ಮ ಕಡೆಯವರೇ ತುಂಬಿದ್ದರು. ನೀಲವ್ವನಿಗೆ ಬಸ್ಸಿನಲ್ಲಿ ಬರ್ರಿ ಎಂದೆವು. “ತಂಗಿ ಗಾಡ್ಯಾಗ ನನಗ ಜಾಗಾ ಇಲ್ಲ” ಎಂದು ಅವರು ಆ ಮದುವೆಗೂ ಬರಲಿಲ್ಲ, ಮುಂದೆ ನಮ್ಮ ಮನೆಗೂ ಬರಲಿಲ್ಲ. ಕಸ್ತೂರಿಯೂ ಕರೆಯಲಿಲ್ಲ. ಇಬ್ಬರದೂ ಅಗರಖೇಡದ ಹಟ. ಈಗ ಕಸ್ತೂರಿಯ ಹಟ ಇಳಿದಿತ್ತು. ಹೆದರಿದ್ದಳು, ಅಷ್ಟೇ.

ಆ ಹೆದರಿಕೆ ಸುಳ್ಳಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಅದರ ಹಿಂದಿನ ವಾರ ಡಾಕ್ಟರು ನನ್ನನ್ನು ಬೇರೆ ಕೋಣೆಗೆ ಕರೆದು, “ಹಾರ್ಟೂ ಸೋತೈತ್ರಿ. ಆರು ತಿಂಗಳು, ಭಾಳ ಅಂದ್ರ ಎಂಟು. ಅವರಿಗೆ ಹೇಳೂದು ಬಿಡೂದು ನಿಮಗ ಸೇರಿದ್ದು” ಎಂದಿದ್ದರು. ನಾನು ಹೇಳಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಹೀಗೆ ಇಬ್ಬರೂ ಖಾದರಸಾಬರ ಅಂಗಡಿಗೆ ಬಂದೆವು. ಕಸ್ತೂರಿ ಇದೇ ಬೇವಿನ ಕೆಳಗೆ ಕುಳಿತಳು. ಖಾದರಸಾಬರು ಚಹಾ ತರಿಸಿದರು. ಅವಳು ಕಪ್ಪನ್ನು ಮೂಗಿನ ಹತ್ತಿರ ಹಿಡಿದು ವಾಸನೆ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ಖಾದರಸಾಬರು ಮೂರು ನಮೂನೆ ತೋರಿಸಿದರು. ಒಂದು ಸೋಲಾಪುರದಿಂದ ಬಂದ ಬಿಚ್ಚಿದ ಮಾಲು, ಅಂದರೆ ಬೇರೆ ಕಾರುಗಳಿಂದ ಕಳಚಿ ಕಪ್ಪು ಬಳಿದು ಮಿಂಚಿಸಿದ್ದು. ಇನ್ನೊಂದು ಸಣ್ಣ ಕಂಪನಿಯದು. ಮೂರನೆಯದು ದೊಡ್ಡ ಕಂಪನಿಯದು. ನಾನು ಬಿಚ್ಚಿದ ಮಾಲಿಗೆ ಉಗುರು ಚುಚ್ಚಿ, “ರಬ್ಬರ್ ದಪ್ಪ ಐತಲ್ರಿ” ಎಂದೆ.

“ದಪ್ಪ ನೋಡಬ್ಯಾಡ್ರಿ ಸರ್, ವಯಸ್ಸು ನೋಡ್ರಿ” ಎಂದು ಅವರು ಟೈರಿನ ಪಕ್ಕೆಯಲ್ಲಿದ್ದ ನಾಲ್ಕು ಅಂಕಿ ತೋರಿಸಿದರು. ಮೊದಲಿನ ಎರಡು ಅಂಕಿ ಟೈರ್ ತಯಾರಾದ ವಾರ, ಕಡೆಯ ಎರಡು ಅಂಕಿ ತಯಾರಾದ ವರ್ಷ. ಇಷ್ಟು ವರ್ಷ ಅದನ್ನು ನಾನು ಕಂಪನಿಯವರ ಗುಪ್ತ ರೇಟು ಎಂದು ತಿಳಿದಿದ್ದೆ. “ಇದು ಒಂಬತ್ತು ವರ್ಷದ್ದು. ಮ್ಯಾಲ ಛಂದ ಕಾಣತೈತಿ, ಒಳಗ ರಬ್ಬರ್ ಸತ್ತಿರತೈತಿ. ಈ ಅಕ್ಕಾರನ್ನ ಕರ್ಕೊಂಡ ಅಡ್ಡಾಡೂ ಗಾಡಿಗಿ ಇದನ್ನ ನಾ ಹಾಕಂಗಿಲ್ಲ.” ಆಮೇಲೆ ಉಳಿದ ಎರಡರ ನಡುವೆ ನಿಂತು ಕೇಳಿದರು, “ಇದು ಎರಡು ವರ್ಷ, ಇದು ಐದು ವರ್ಷ. ನಿಮಗ ಎಷ್ಟ ವರ್ಷ ನಡೀಬೇಕ್ರಿ?”

ನನ್ನ ತಲೆಯಲ್ಲಿ ಇದ್ದದ್ದು ಪಾಸಿಂಗ್. ಗಾಡಿಗೆ ಹದಿಮೂರು ವರ್ಷವಾಗಿತ್ತು, ಇನ್ನೆರಡು ವರ್ಷಕ್ಕೆ ಕಾಗದ ಮುಗಿಯುತ್ತಿತ್ತು. ನಾನು ಅಂದೆ:

“ಎರಡು ವರ್ಷ ನಡದ್ರ ಸಾಕ್ರಿ. ಅದಕಿಂತ ಹೆಚ್ಚಿಗಿ ನಡಿಯಂಗಿಲ್ಲ. ಸುಮ್ನ ರೊಕ್ಕ ಯಾಕ ಹಾಕೂದು?”

ಅಂದ ಮೇಲೆ ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಎರಡು ವರ್ಷದ ಟೈರನ್ನೇ ಹಾಕಿಸಿ ಹಲಸಂಗಿಗೆ ಹೊರಟೆವು. ಬಸ್‌ಸ್ಟ್ಯಾಂಡ್ ದಾಟಿದೆವು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

“ಏನ್ರೀ, ಡಾಕ್ಟರು ನಿಮಗ ಎರಡು ವರ್ಷ ಅಂದಾರೇನು?”

ನನ್ನ ವಾಕ್ಯ ಅವಳ ಕಿವಿಗೆ ಹೇಗೆ ಬಿದ್ದಿತ್ತು ಎಂಬುದು ಆಗ ತಿಳಿಯಿತು. ಕರ್ತೃಪದ ಬಿಟ್ಟು ವಾಕ್ಯ ಬರೆದ ಹುಡುಗರಿಗೆ ಮೂವತ್ತು ವರ್ಷ ಕೆಂಪು ಗೀಟು ಹಾಕಿದವನು ನಾನು. ನಡೆದರೆ, ನಡೆಯುವುದಿಲ್ಲ. ಈ ಎರಡು ರೂಪಗಳಲ್ಲಿ ಗಾಡಿಯೋ ಹೆಂಡತಿಯೋ ಗೊತ್ತಾಗುವುದಿಲ್ಲ, ಕನ್ನಡ ಅಲ್ಲಿ ಲಿಂಗ ನೋಡುವುದೇ ಇಲ್ಲ. “ಏ ಹುಚ್ಚಿ, ಗಾಡಿ ಮಾತದು” ಎಂದು ನಗಬಹುದಿತ್ತು. ಹಾಗೆಂದರೆ ಅವಳು ಕೂಡಲೇ, “ಹಂಗಾರ ಡಾಕ್ಟರು ಏನಂದ್ರು?” ಎನ್ನುತ್ತಿದ್ದಳು. ಅದಕ್ಕೆ ಉತ್ತರ ಆರು ತಿಂಗಳು.

“ಹೂಂ” ಎಂದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಅಂಥ ಬೆಳಕನ್ನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ.

“ಎರಡು ವರ್ಷಾ? ನಾ ಬರೂ ಉಗಾದಿ ಕಾಣಂಗಿಲ್ಲಂತ ತಿಳದಿದ್ದೆ. ಎರಡು ವರ್ಷ ಅಂದ್ರ ಭಾಳ ಆತಲ್ರಿ.”

ಹಲಸಂಗಿಗೆ ತಿರುಗುವ ಕಡೆ ಬಂತು. ಗಾಡಿ ಸಾವಕಾಶ ಮಾಡಿದೆ. ಅವಳು ಕನ್ನಡಿ ಬಗ್ಗಿಸಿ ತನ್ನ ಮುಖ ನೋಡಿಕೊಂಡಳು. “ಈಗ ಬ್ಯಾಡ್ರಿ. ಈ ಬಾಡಿದ ಮಾರಿ ಅಕ್ಕನ ಮುಂದ ಯಾಕ ತೋರಿಸ್ಲಿ? ಅಯ್ಯೋ ಪಾಪ ಅಂತಾಳ. ಮೈ ಒಂದೀಟು ಹಿಡೀಲಿ, ಮುಂದಿನ ವರ್ಷ ಹೋಗೂಣು. ಟೈಮ್ ಐತಲ್ಲ.”

ನಾನು ಮನೆಯ ಕಡೆ ಗಾಡಿ ತಿರುಗಿಸಿದೆ. ನನ್ನ ಬದುಕಿನಲ್ಲಿ ಮಾಡಿದ ಅತಿ ಕೆಟ್ಟ ಕೆಲಸ ಅದು, ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಸುಖವಾಗಿದ್ದಳು. ಇದು ನನ್ನ ಸಮರ್ಥನೆಯಲ್ಲ, ನಿಜವಾಗಿ ಇದ್ದಳು. ಹಳೆ ಸೀರೆ ಹರಿದು ಕೌದಿ ಹೊಲಿಯಲು ಕುಳಿತಳು. ಅದು ಒಂದು ವರ್ಷದ ಕೆಲಸ. ಅಗರಖೇಡದವರಿಗೆಲ್ಲ ಫೋನ್ ಮಾಡಿ, “ಎರಡು ವರ್ಷ ಏನೂ ಅಂಜಿಕಿಲ್ಲಂತ, ಡಾಕ್ಟರ ಅಂದಾರ” ಎಂದು ಹೇಳಿದಳು. ನಾನು ಒಳಗೆ ಪೇಪರ್ ಹಿಡಿದು ಕುಳಿತು ಕೇಳುತ್ತಿದ್ದೆ. ಪ್ರತಿ ಸೋಮವಾರ ಈವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಅವಳು ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಡುವುದು, ನಾನು ಪೋಣಿಸಿಕೊಟ್ಟು ಸುಮ್ಮನಾಗುವುದು. ಏಳನೆಯ ತಿಂಗಳು ಡಯಾಲಿಸಿಸ್ ಮಂಚದ ಮೇಲೆಯೇ ಅವಳ ಉಸಿರು ನಿಂತಿತು. ಕೌದಿ ಅರ್ಧವೂ ಆಗಿರಲಿಲ್ಲ. ನೀಲವ್ವ ಮಣ್ಣಿಗೆ ಬಂದರು. ತಂಗಿಯ ಮುಖ ಹಿಡಿದುಕೊಂಡು ಅತ್ತರು, ನನ್ನ ಜೊತೆ ಮಾತಾಡದೆ ಹೋದರು.

ನಾನು ನಿಜವಾಗಿ ಗಾಡಿಯನ್ನೇ ಕುರಿತು ಹೇಳಿದ್ದೆನೇ? ಹೌದು ಎಂದೇ ಇಷ್ಟು ದಿನ ನನಗೆ ನಾನು ಹೇಳಿಕೊಂಡಿದ್ದೇನೆ. ಆದರೆ ತಲೆಯಲ್ಲಿ ಡಾಕ್ಟರ ಆರು ತಿಂಗಳ ಗಡುವು ಕುಳಿತಿದ್ದ ಮನುಷ್ಯನ ಬಾಯಲ್ಲಿ “ಹೆಚ್ಚಿಗಿ ನಡಿಯಂಗಿಲ್ಲ” ಎಂಬ ಮಾತು ಅಷ್ಟು ಸಲೀಸಾಗಿ ಹೇಗೆ ಬಂತೋ ನನಗೆ ತಿಳಿದಿಲ್ಲ.

ಹೋದ ವಾರ ಖಾದರಸಾಬರು ತಮಗೆ ಸರಿಕಂಡ ಟೈರ್ ಹಾಕಿ, “ನೋಡ್ರಿ ಸರ್, ಎರಡು ವರ್ಷ ಅಂದಿದ್ದೆ, ಬರೋಬ್ಬರಿ ನಡದಾವು” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಗಾಡಿ ಚಾಲೂ ಮಾಡಿ ಮನೆಗೆ ಹೋಗಲಿಲ್ಲ, ನೇರ ಹಲಸಂಗಿಗೆ ಹೋದೆ.

ನೀಲವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಕಟ್ಟೆಯ ಮೇಲೆ ಕುಳಿತು, ಈ ಸಲ ಒಂದು ಪದವನ್ನೂ ಬಿಡದೆ ಎಲ್ಲ ಹೇಳಿದೆ. ಮೊರದ ಮೇಲಿನ ಅವರ ಕೈ ನಿಂತಿತು.

“ಡಾಕ್ಟರು ಖರೇ ಎಷ್ಟಂದಿದ್ರು?”

“ಆರು ತಿಂಗಳರೀ ಅಕ್ಕಾರ.”

“ನನಗ ಅಗರಖೇಡದಿಂದ ಎರಡು ವರ್ಷ ಅಂತ ಸುದ್ದಿ ಬಂದಿತ್ತು.” ಅವರು ಮೊರದಿಂದ ಒಂದು ಕಲ್ಲು ಆರಿಸಿ ಚೆಲ್ಲಿದರು. “ನಾನು ಚೀಲ ಕಟ್ಟಿ ಇಟ್ಟಿದ್ದೆ ಮಾಸ್ತರ್ರ. ಬಸ್ಸಿಗಿ ಹೊಂಟಿದ್ದೆ. ಎರಡು ವರ್ಷ ಅಂತ ಕೇಳಿ, ಹಂಗಾರ ಆಕೀನ ಮೊದಲ ನನ್ನ ಕರೀಲಿ ಅಂತ ಚೀಲ ಬಿಚ್ಚಿದೆ.”

ತಪ್ಪಾತ್ರಿ ಎಂದೆನೆಂದು ನೆನಪು.

“ಆವಾಗ ಹೇಳಲಿಲ್ಲ, ಈವತ್ತ ಯಾಕ ಹೇಳಾಕ ಬಂದ್ರಿ?” ಎಂದು ಅವರು ಮೊರ ಕೆಳಗಿಟ್ಟರು. ದನಿ ಏರಿರಲಿಲ್ಲ. “ಇಷ್ಟ ದಿನಾ ನಾ ದೇವರಿಗಿ ಬೈಕೋತ ಕುಂತಿದ್ದೆ. ಅದ ಛಲೋ ಇತ್ತು.”

ನಾನು ಎದ್ದು ಬಂದೆ. ಇಂಡಿ ಮುಟ್ಟುವ ತನಕ ಗಾಡಿ ಸದ್ದಿಲ್ಲದೆ ಹರಿಯಿತು. ಟೈರ್ ಒಳ್ಳೆಯವೇ. ಈ ಹೊತ್ತು, ನಿಮಗೆ ಇದನ್ನು ಬರೆಯುವಾಗ, ನೀಲವ್ವ ನನ್ನನ್ನು ಬೈಯುತ್ತ ಕುಳಿತಿರಬಹುದು. ಬೈಯಲಿ. ಇಲ್ಲಿಯವರೆಗೆ ನನ್ನ ಪಾಲಿನ ಬೈಗುಳವನ್ನು ದೇವರೇ ತಿಂದಿದ್ದಾನೆ.